ಕಾಳಿಗಿಂತ ಮೊದಲು ನೀರಿಡಿ

ನಮ್ಮಜ್ಜಿ ಊಟಕ್ಕೆ ಕೂರುವ ಮೊದಲು ಹಿತ್ತಲ ಗೋಡೆಯ ಮೇಲೆ ಕಾಗೆಗೆ ಒಂದು ಹಿಡಿ ಅನ್ನ ಇಟ್ಟು ಬರುತ್ತಿದ್ದರು. ಉಪ್ಪಿಲ್ಲದ, ಸಾರು ಕಲಸದ ಬರೀ ಅನ್ನ. ಮನೆಯೊಳಗೆ ಕನ್ನಡ, ಬಾಗಿಲಾಚೆ ತಮಿಳು ಆಡುವ ಮನೆ ನಮ್ಮದು. ನೇಯ್ಗೆಯ ದೇವಾಂಗರು, ಬೇಸಾಯದ ಒಕ್ಕಲಿಗರು ಎಂದು ಕೊಂಗುನಾಡಿನಲ್ಲಿ ತಲೆಮಾರುಗಳಿಂದ ಕನ್ನಡವನ್ನು ಉಳಿಸಿಕೊಂಡು ಬಂದ ಇಂಥ ಮನೆಗಳು ಎಷ್ಟೋ ಇವೆ. ಸಿಂಗಾನಲ್ಲೂರು ಈಗ ಕೊಯಮತ್ತೂರು ನಗರದೊಳಗೇ ಸೇರಿಹೋಗಿದೆ. ಆದರೆ ತಿರುಚ್ಚಿ ರಸ್ತೆ ಹಿಡಿದು ಒಂಡಿಪುದೂರು ದಾಟಿ ಸೂಲೂರಿನ ಕಡೆ ಹೋಗಿ, ಯಾವುದಾದರೂ ಅಡ್ಡದಾರಿಗೆ ಇಳಿದರೆ ಹಳೆಯ ಹಿತ್ತಲುಗಳು ಇನ್ನೂ ಕಾಣುತ್ತವೆ: ಒಂದು ಬೇವು, ಎರಡು ನುಗ್ಗೆ, ಪಾತ್ರೆ ತೊಳೆಯುವ ನೀರು ಹರಿಯುವ ಕಡೆ ಬಾಳೆ, ಬಾವಿಯ ಪಕ್ಕ ಕರಿಬೇವು, ಅದರಾಚೆ ತೆಂಗಿನ ತೋಟ.

ಅಜ್ಜಿ ಹೋದ ಮೇಲೆ ಆ ಒಂದು ಹಿಡಿಯನ್ನು ನಾನು ಮುಂದುವರಿಸಲು ಹೋಗಿ ಅತಿ ಮಾಡಿದೆ. ಚೀಲಗಟ್ಟಲೆ ಸಜ್ಜೆ ತಂದು ದಿನಾ ಸಂಜೆ ಕಲ್ಲುಹಾಸಿನ ಮೇಲೆ ಚೆಲ್ಲಿದೆ. ಹದಿನೈದು ದಿನದಲ್ಲಿ ಪಾರಿವಾಳದ ಹಿಂಡು ಬಂದು ಇಳಿಯಿತು, ಗುಬ್ಬಿಗಳು ಗೋಡೆಯಾಚೆ ಸರಿದವು. ರಾತ್ರಿ ಉಳಿದ ಕಾಳಿಗೆ ಹೆಗ್ಗಣ ಬಂದವು. ಹೆಗ್ಗಣದ ಜಾಡು ಹಿಡಿದು ಒಂದು ಬೆಳಿಗ್ಗೆ ಬಚ್ಚಲ ಮೂಲೆಗೆ ನಾಗರಹಾವೇ ಬಂತು. ಹಳ್ಳಿಯ ಹಿತ್ತಲಲ್ಲಿ ಹಕ್ಕಿಗೆ ಉಣಿಸಲು ಹೊರಟವರು ಮೊದಲು ತಿಳಿಯಬೇಕಾದದ್ದು ಇದನ್ನೇ. ಕಾಳು ಕೊನೆಯ ಮಾತು. ಮೊದಲು ಕಣ್ಣು, ಆಮೇಲೆ ನೀರು, ಆಮೇಲೆ ಗಿಡ. ಈ ಮೂರೂ ಆದ ಮೇಲೆ ಕಾಳಿನ ಅಗತ್ಯ ಎಷ್ಟು ಕಡಿಮೆ ಎಂಬುದು ತಾನಾಗಿ ಗೊತ್ತಾಗುತ್ತದೆ.

ಒಂದು ತಿಂಗಳು ಬರೀ ನೋಡಿ

ಬೆಳಿಗ್ಗೆ ಆರರಿಂದ ಎಂಟರೊಳಗೆ ಅಥವಾ ಸಂಜೆ ನಾಲ್ಕೂವರೆಯ ನಂತರ, ಇಪ್ಪತ್ತು ನಿಮಿಷ ಒಂದೇ ಕಡೆ ಕೂತರೆ ಸಾಕು. ಅಡುಗೆಮನೆಯ ಹಿಂದಿನ ಮೆಟ್ಟಿಲು ಒಳ್ಳೆಯ ಜಾಗ. ಬೈನಾಕ್ಯುಲರ್ ಮೊದಲ ವರ್ಷ ಬೇಕಿಲ್ಲ. ಹಿತ್ತಲ ಹಕ್ಕಿಗಳು ಬರಿಗಣ್ಣಿಗೆ ಸಿಗುವಷ್ಟು ಹತ್ತಿರವೇ ಬರುತ್ತವೆ. ಮುಂದೆ ಕೊಳ್ಳುವುದಾದರೆ 8×42 ಎಂದು ಬರೆದಿರುವುದನ್ನು ಕೊಳ್ಳಿ. ಹೆಚ್ಚು ದೊಡ್ಡದು ಮಾಡಿ ತೋರಿಸುವುದು ಕೈಯಲ್ಲಿ ಅಲ್ಲಾಡಿ ಕಣ್ಣು ದಣಿಸುತ್ತದೆ.

ಬೇಕಾದದ್ದು ಒಂದು ನೋಟುಪುಸ್ತಕ. ದಿನ, ಹೊತ್ತು, ಯಾವ ಹಕ್ಕಿ, ಏನು ಮಾಡುತ್ತಿತ್ತು ಎಂದು ಬರೆಯಿರಿ. ಈ ಕೊನೆಯದೇ ಮುಖ್ಯ. "ಗೊರವಂಕ" ಎಂದು ಬರೆದರೆ ಅರ್ಧ ವಿಷಯ. "ಗೊರವಂಕ, ದನದ ಕಾಲ ಸುತ್ತ ಮಿಡತೆ ಹಿಡಿಯುತ್ತಿತ್ತು" ಎಂದು ಬರೆದರೆ ಅದಕ್ಕೆ ನಮ್ಮಿಂದ ಏನು ಬೇಕು, ಏನು ಬೇಡ ಎರಡೂ ಆ ಸಾಲಿನಲ್ಲಿವೆ.

ಹೆಸರು ಕಲಿಯುವುದಕ್ಕೆ ನಮ್ಮಂಥ ಎರಡು ಭಾಷೆಯ ಮನೆಯವರಿಗೆ ಒಂದು ಅನುಕೂಲವಿದೆ. ಕಂದು ರೆಕ್ಕೆ, ಕೆಂಪು ಕಣ್ಣಿನ ಕೆಂಬೂತ ತಮಿಳಿನಲ್ಲಿ ಸೆಂಬೋತ್ತು. ನಮ್ಮ 'ಕೆಂ' ಅವರ 'ಸೆಂ', ಅಷ್ಟೇ ವ್ಯತ್ಯಾಸ. ಏಳೆಂಟು ಒಟ್ಟಿಗೆ ಬಂದು ತರಗೆಲೆ ಮಗುಚುತ್ತ ಗದ್ದಲ ಎಬ್ಬಿಸುವ ಹರಟೆಮಲ್ಲನನ್ನು ನೆರೆಮನೆಯವರು ತವಿಟ್ಟುಕ್ಕುರುವಿ ಎನ್ನುತ್ತಾರೆ, ಅಂದರೆ ತೌಡಿನ ಬಣ್ಣದ ಹಕ್ಕಿ. ಒಂದು ಭಾಷೆ ದನಿ ಕೇಳಿ ಹೆಸರಿಟ್ಟಿತು, ಇನ್ನೊಂದು ಮೈ ನೋಡಿ ಇಟ್ಟಿತು. ಟಿಟ್ಟಿಭ ಇಲ್ಲಿ ಆಟ್ಕಾಟ್ಟಿ, ಆಳು ಬಂದದ್ದನ್ನು ತೋರಿಸಿಕೊಡುವುದು. ಹೊಲದಲ್ಲಿ ರಾತ್ರಿ ಅದು ಕೂಗಿದರೆ ಯಾರೋ ನಡೆದು ಬರುತ್ತಿದ್ದಾರೆ ಎಂದೇ ಲೆಕ್ಕ. ಮಕ್ಕಳಿಗೆ ಎರಡೂ ಹೆಸರು ಹೇಳಿಕೊಡಿ, ಹಕ್ಕಿ ಎರಡು ಪಟ್ಟು ನೆನಪಿರುತ್ತದೆ. ಹತ್ತಿರ ಇಟ್ಟುಕೊಳ್ಳಲು ಪೂರ್ಣಚಂದ್ರ ತೇಜಸ್ವಿಯವರ 'ಹಕ್ಕಿ ಪುಕ್ಕ' ಸಾಕು. ದನಿಯಿಂದ ಗುರುತಿಸಲು ಫೋನಿನಲ್ಲಿ ಮರ್ಲಿನ್ ಆ್ಯಪ್ ಇದೆ. ಆದರೆ ಅದು ಹೇಳಿದ್ದನ್ನು ಕಣ್ಣಿಂದ ಖಚಿತ ಮಾಡಿಕೊಂಡೇ ಬರೆಯಿರಿ.

ನೀರು

ಪಶ್ಚಿಮಘಟ್ಟದ ಮರೆಯಲ್ಲಿರುವ ಕೊಯಮತ್ತೂರಿನ ಬಯಲಿಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 600-700 ಮಿಲಿಮೀಟರ್. ಅದರಲ್ಲಿ ದೊಡ್ಡ ಪಾಲು ಅಕ್ಟೋಬರ್, ನವೆಂಬರ್‌ಗಳಲ್ಲೇ ಸುರಿದು ಮುಗಿಯುತ್ತದೆ. ಫೆಬ್ರವರಿಯಿಂದ ಮೇ ತನಕ ಹಕ್ಕಿಗೆ ಹುಳು, ಬೀಜ ಹೇಗೋ ಸಿಗುತ್ತವೆ, ನೀರು ಸಿಗುವುದಿಲ್ಲ. ಕಾಲುವೆ ಕಾಂಕ್ರೀಟಾಯಿತು, ಬಾವಿಗೆ ಮುಚ್ಚಳ ಬಿತ್ತು, ನಲ್ಲಿ ತೊಟ್ಟಿಕ್ಕದಂತೆ ನಾವೇ ಬಿಗಿ ಮಾಡಿದೆವು. ಹಾಗಾಗಿ ಕಾಳು ತಿನ್ನದ ಹಕ್ಕಿಗಳನ್ನೂ ಹಿತ್ತಲಿಗೆ ಕರೆತರುವುದು ನೀರು ಒಂದೇ. ಬುಲ್‌ಬುಲ್, ಸೂರಕ್ಕಿ, ಮಡಿವಾಳ, ಕಾಜಾಣ, ಕುಟ್ರುಹಕ್ಕಿ ಯಾವುವೂ ಸಜ್ಜೆಗೆ ಬಾಯಿ ಹಾಕುವುದಿಲ್ಲ. ನೀರಿಗೆ ಇವೆಲ್ಲ ಬರುತ್ತವೆ.

ಪಾತ್ರೆ ಅಗಲವಿರಲಿ, ಆಳ ಬೇಡ. ಅಂಚಿನಲ್ಲಿ ಒಂದು ಬೆರಳಿನ ಅಗಲದಷ್ಟು, ನಡುವೆ ಎರಡು ಅಂಗುಲ, ಅದಕ್ಕಿಂತ ಹೆಚ್ಚು ಬೇಡ. ಹೂಕುಂಡದ ಕೆಳಗಿಡುವ ಮಣ್ಣಿನ ತಟ್ಟೆ ಎಲ್ಲಕ್ಕಿಂತ ಒಳ್ಳೆಯದು. ಒಳಮೈ ಒರಟಾಗಿರುವುದರಿಂದ ಕಾಲು ಜಾರುವುದಿಲ್ಲ, ನೀರೂ ತಣ್ಣಗಿರುತ್ತದೆ. ಸ್ಟೀಲು, ನುಣುಪಾದ ಪ್ಲಾಸ್ಟಿಕ್ಕು ಎರಡೂ ಬಿಸಿಲಿಗೆ ಕಾಯುತ್ತವೆ. ಬಕೆಟ್ಟು, ಹಂಡೆಗಳನ್ನು ತೆರೆದಿಡಬೇಡಿ, ಬಾಯಾರಿದ ಹಕ್ಕಿ ಬಗ್ಗಿ ಬಿದ್ದರೆ ಮೇಲೆ ಬರಲಾರದು.

ನಮ್ಮ ಮನೆಯಲ್ಲಿ ಮಿಕ್ಸಿ ಬಂದ ಮೇಲೆ ಒರಳುಕಲ್ಲು ಹಿತ್ತಲ ಮೂಲೆಗೆ ಬಿದ್ದಿತ್ತು. ಅದರ ಗುಳಿ ಗೇಣುದ್ದ ಆಳ. ಅದಕ್ಕೆ ಹೊಳೆಗಲ್ಲು ತುಂಬಿ, ಮೇಲೆ ಎರಡು ಅಂಗುಲ ಮಾತ್ರ ನೀರು ನಿಲ್ಲುವಂತೆ ಮಾಡಿದೆ. ಅಲ್ಲಿ ಒಂದು ಕ್ರಮ ಏರ್ಪಟ್ಟಿದೆ. ಮೊದಲು ಬುಲ್‌ಬುಲ್ ಜೋಡಿ ಬಂದು, ಒಂದು ಕುಡಿಯುವಾಗ ಇನ್ನೊಂದು ಕರಿಬೇವಿನ ಕೊಂಬೆಯಲ್ಲಿ ಕಾವಲು ಕೂರುತ್ತದೆ. ಅವು ಹೋದ ಮೇಲೆ ಹರಟೆಮಲ್ಲಗಳು ಒಟ್ಟಿಗೆ ಇಳಿದು, ಎದೆಯನ್ನು ನೀರಿಗೆ ತಾಗಿಸಿ, ರೆಕ್ಕೆ ಬಡಿದು ಅರ್ಧ ನೀರನ್ನು ಹೊರಗೇ ಚೆಲ್ಲುತ್ತವೆ. ಒದ್ದೆಯಾದ ಮಣ್ಣಿಗೆ ಕೆಳಗೆ ಮಡಿವಾಳ ಕಾದಿರುತ್ತದೆ. ಬೆಳವ ಬರುವುದು ಎಲ್ಲರೂ ಹೋದ ಮೇಲೆ. ಉಳಿದ ಹಕ್ಕಿಗಳು ಒಂದೊಂದು ಗುಟುಕಿಗೂ ತಲೆ ಎತ್ತಿ ನೀರನ್ನು ಗಂಟಲಿಗೆ ಇಳಿಸಿಕೊಂಡರೆ, ಬೆಳವ ಮತ್ತು ಪಾರಿವಾಳ ಕೊಕ್ಕು ಮುಳುಗಿಸಿ ದನದ ಹಾಗೆ ಒಂದೇ ಸಮನೆ ಹೀರುತ್ತವೆ. ಇದನ್ನು ಒಮ್ಮೆ ಹತ್ತಿರದಿಂದ ನೋಡಿ.

ತಟ್ಟೆಯನ್ನು ನೆರಳಲ್ಲಿಡಿ. ಹತ್ತಿರದಲ್ಲಿ ಕೂರಲು ಒಂದು ಕೊಂಬೆ ಇರಲಿ. ಬೆಕ್ಕು ಅಡಗುವಂಥ ಪೊದೆ ಮಾತ್ರ ಆರೇಳು ಅಡಿ ದೂರವಿರಲಿ. ದಿನಾ ಬೆಳಿಗ್ಗೆ ನೀರು ಚೆಲ್ಲಿ, ತೆಂಗಿನ ನಾರಿನಿಂದ ಉಜ್ಜಿ, ಹೊಸ ನೀರು ತುಂಬಿ. ಸೋಪು ಬೇಡ. ಸೊಳ್ಳೆ ಮೊಟ್ಟೆಯಿಂದ ಹೊರಬಂದು ರೆಕ್ಕೆ ಬಲಿಯಲು ಸುಮಾರು ಒಂದು ವಾರ ಬೇಕು. ದಿನಾ ಚೆಲ್ಲುವ ನೀರಿನಲ್ಲಿ ಡೆಂಗಿಯ ಭಯವಿಲ್ಲ. ಮನೆಯಲ್ಲಿ ನಾಟಿಕೋಳಿ ಸಾಕಿದ್ದರೆ ಅವುಗಳ ನೀರಿನ ತೊಟ್ಟಿಯನ್ನೂ ಕಾಡುಹಕ್ಕಿಯ ತಟ್ಟೆಯನ್ನೂ ದೂರ ದೂರ ಇಡಿ. ರಾಣಿಖೇತದಂಥ ರೋಗ ಹರಡುವುದು ಹೀಗೆ ಬಾಯಿ ಸೇರುವ ಕಡೆಯೇ. ಪಲ್ಲಡದ ಸುತ್ತ ಕೋಳಿ ಫಾರಂಗಳೇ ತುಂಬಿರುವ ಈ ಸೀಮೆಯಲ್ಲಿ ಇದನ್ನು ಸಣ್ಣ ಮಾತೆಂದು ಬಿಡಬಾರದು.

ಗಿಡವೇ ಬಡಿಸಲಿ

ಸೂರಕ್ಕಿಗೆಂದು ಸಕ್ಕರೆ ನೀರು, ಜೇನು ತುಂಬಿದ ಕೆಂಪು ಬಾಟಲಿ ತೂಗುಹಾಕುವ ಅಭ್ಯಾಸ ಈಚೆಗೆ ಶುರುವಾಗಿದೆ. ನನಗೆ ಇದು ಸುತರಾಂ ಒಪ್ಪಿಗೆಯಿಲ್ಲ. ನಮ್ಮ ಬಿಸಿಲಿಗೆ ಆ ನೀರು ಒಂದೇ ದಿನದಲ್ಲಿ ಹುಳಿಯುತ್ತದೆ, ಬೂಷ್ಟು ಕಟ್ಟುತ್ತದೆ. ಎರಡು ದಾಸವಾಳ, ಒಂದು ಕೆಂಪು ಕೇಪಳ, ಬೇಲಿಯಲ್ಲೊಂದು ಬಾಳೆ ಇದ್ದರೆ ಸೂರಕ್ಕಿ ವರ್ಷವಿಡೀ ಬರುತ್ತದೆ. ಮಕರಂದದ ಜೊತೆಗೆ ಮರಿಗಳಿಗೆ ಬೇಕಾದ ಜೇಡವೂ ಅದಕ್ಕೆ ಅಲ್ಲೇ ಸಿಗುತ್ತದೆ. ಜೇಡನ ಬಲೆಯ ಎಳೆ ಗೂಡು ಕಟ್ಟಲೂ ಬೇಕು. ಆದ್ದರಿಂದ ಹಿತ್ತಲ ಸೂರಿನ ಬಲೆಯನ್ನೆಲ್ಲ ಹಬ್ಬದ ಹೆಸರಿನಲ್ಲಿ ಗುಡಿಸಿಬಿಡಬೇಡಿ.

ಕರಿಬೇವನ್ನು ಬರೀ ಒಗ್ಗರಣೆಗೆಂದು ಕೊಯ್ಯುತ್ತ ಕುಳ್ಳಾಗಿ ಇಡದೆ, ಒಂದು ಗಿಡವನ್ನಾದರೂ ಮರವಾಗಲು ಬಿಡಿ. ಅದರ ಹಣ್ಣು ಕಪ್ಪಾದಾಗ ಕೋಗಿಲೆ, ಬುಲ್‌ಬುಲ್ ಬೆಳಗಾಗುವ ಮೊದಲೇ ಅಲ್ಲಿರುತ್ತವೆ. ಬೇವಿನ ಹಣ್ಣೂ ಹಾಗೆಯೇ. ಗಸಗಸೆ ಹಣ್ಣಿನ ಮರ ಎರಡೇ ವರ್ಷದಲ್ಲಿ ನೆರಳು, ಹಣ್ಣು ಎರಡನ್ನೂ ಕೊಡುತ್ತದೆ. ಜಾಗವಿದ್ದವರು ತೋಟದ ಅಂಚಿಗೆ ಅತ್ತಿಯನ್ನೋ ಆಲವನ್ನೋ ಹಾಕಲಿ. ನುಗ್ಗೆಗೆ ಕಂಬಳಿಹುಳ ಬಂದಾಗ ಔಷಧಿ ಸಿಂಪಡಿಸುವ ಕೈಯನ್ನು ನಾಲ್ಕು ದಿನ ತಡೆಯಿರಿ. ಗುಬ್ಬಿಯಂಥ ಕಾಳು ತಿನ್ನುವ ಹಕ್ಕಿಯೂ ಮರಿಗೆ ಕೊಡುವುದು ಹುಳುವನ್ನೇ. ಹುಳುವಿಲ್ಲದ ಹಿತ್ತಲಲ್ಲಿ ಕಾಳು ಎಷ್ಟು ಸುರಿದರೂ ಮರಿ ಉಳಿಯುವುದಿಲ್ಲ. ಕೆಂಬೂತವಂತೂ ತರಕಾರಿ ಮಡಿಯನ್ನು ಹಾಳು ಮಾಡುವ ದೊಡ್ಡ ಆಫ್ರಿಕನ್ ಬಸವನಹುಳುವನ್ನೂ ಚಿಪ್ಪು ಒಡೆದು ತಿನ್ನುತ್ತದೆ.

ಬೇಲಿಯ ವಿಷಯದಲ್ಲಿ ಕೊಂಗುನಾಡಿನಿಂದ ಕಲಿಯುವುದು ಬಹಳವಿದೆ. ತಿರುಪ್ಪೂರು ಜಿಲ್ಲೆಯ ಕಾಂಗೇಯಂ, ತಾರಾಪುರಂ ಕಡೆ ಕೊರಂಗಾಡು ಎಂಬ ಹುಲ್ಲುಗಾವಲುಗಳಿವೆ. ಕಾಂಗೇಯಂ ತಳಿಯ ದನ ಮೇಯುವ ಈ ಹೊಲಗಳಿಗೆ ಕಲ್ಲುಗೋಡೆಯಿಲ್ಲ, ತಂತಿಯಿಲ್ಲ. ಸುತ್ತಲೂ ಕಿಳುವೈ ಎಂಬ ಮುಳ್ಳುಗಿಡದ ಜೀವಂತ ಬೇಲಿ, ನಡುನಡುವೆ ಬಿಳಿಜಾಲಿ ಮರ. ಕೌಜುಗ, ರಾಟವಾಳ, ಬುಲ್‌ಬುಲ್‌ಗಳಿಗೆ ಆ ಮುಳ್ಳೇ ಕೋಟೆ. ಹಿತ್ತಲ ಒಂದು ಬದಿಗಾದರೂ ಇಂಥ ಬೇಲಿ ಎಬ್ಬಿಸಿ.

ಕಾಳು ಕೊಡುವುದಾದರೆ

ಗುಬ್ಬಿಯ ತೂಕವೇ 25-30 ಗ್ರಾಂ. ದಿನಕ್ಕೆ ಅದಕ್ಕೆ ಬೇಕಾದ ಕಾಳು ಕೆಲವೇ ಗ್ರಾಂ. ಬೆಳಿಗ್ಗೆ ಒಂದು ಹಿಡಿ, ಅರ್ಧ ಗಂಟೆಯಲ್ಲಿ ಮುಗಿಯುವಷ್ಟು, ಅಷ್ಟೇ ಸಾಕು. ಸಂಜೆ ಬೇಡವೇ ಬೇಡ. ಯಾಕೆಂದು ಮೇಲೆ ಹೇಳಿದ್ದೇನೆ. ಗುಬ್ಬಿ, ರಾಟವಾಳಗಳಿಗೆ ನವಣೆ, ಸಜ್ಜೆ, ನುಚ್ಚಕ್ಕಿ, ಬೆಳವಕ್ಕೆ ಜೋಳ. ನೆಲಕ್ಕೆ ಚೆಲ್ಲುವ ಬದಲು ಎದೆಮಟ್ಟದ ಕಂಬದ ಮೇಲೆ ಅಂಚಿರುವ ಹಲಗೆ ಇಡಿ, ಮಳೆ ನೀರು ಇಳಿಯಲು ತೂತಿರಲಿ. ಅಳಿಲು ಬಂದೇ ಬರುತ್ತದೆ, ಬರಲಿ. ವಾರಕ್ಕೊಮ್ಮೆ ಹಲಗೆಯನ್ನು ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿ. ಮೈ ಉಬ್ಬಿಸಿಕೊಂಡು, ಹಾರದೆ ಮಂಕಾಗಿ ಕೂತ ಹಕ್ಕಿ ಕಂಡರೆ ಎರಡು ವಾರ ಕಾಳು ನಿಲ್ಲಿಸಿಬಿಡಿ. ಒಂದೇ ತಟ್ಟೆಯ ಸುತ್ತ ರೋಗ ಬೇಗ ಹಬ್ಬುತ್ತದೆ.

ಇದಕ್ಕಿಂತಲೂ ಚೆಂದದ ದಾರಿ ಹಳಬರದು. ಕೊಯ್ಲಿನ ಹೊತ್ತಿಗೆ ಭತ್ತದ್ದೋ ಸಜ್ಜೆಯದೋ ತೆನೆಗಳನ್ನು ಕಂತೆ ಕಟ್ಟಿ ಸೂರಿಗೆ ತೂಗುಹಾಕುವುದು. ತೆನೆಗೆ ಜೋತುಬಿದ್ದು ಒಂದೊಂದೇ ಕಾಳು ಬಿಡಿಸುವುದು ಗುಬ್ಬಿಗೆ ಸಲೀಸು, ಭಾರದ ಪಾರಿವಾಳಕ್ಕೆ ಆಗದು. ಹೆಗ್ಗಣಕ್ಕೂ ಎಟುಕದು.

ಏನು ಕೊಡಬಾರದು ಎಂಬುದು ಇನ್ನೂ ಮುಖ್ಯ. ಬಿತ್ತನೆಗೆಂದು ತಂದು ಉಳಿದ, ಔಷಧಿ ಲೇಪಿಸಿ ಗುಲಾಬಿ ಬಣ್ಣಕ್ಕೆ ತಿರುಗಿದ ಜೋಳ, ಮೆಕ್ಕೆಜೋಳದ ಬೀಜ ವಿಷ. ಅದನ್ನು ಹಿತ್ತಲಿಗೆ ಚೆಲ್ಲುವುದಿರಲಿ, ಚೀಲ ಕೊಡವಿದ ಜಾಗವನ್ನೂ ಮಣ್ಣು ಮುಚ್ಚಿ. ಬೂಷ್ಟು ಹಿಡಿದ ಕಡಲೆಕಾಯಿ ಬೀಜ ಎಸೆಯಬೇಡಿ, ಆ ಬೂಷ್ಟಿನ ನಂಜು ಹಕ್ಕಿಯ ಈಲಿಯನ್ನು ಕೆಡಿಸುತ್ತದೆ. ಉಪ್ಪು ಬೆರೆತ ಅನ್ನ, ಮಿಕ್ಸ್ಚರ್, ಬ್ರೆಡ್ಡು, ಹಾಲು ಬೇಡ. ಖಾರ ಮಾತ್ರ ಹಕ್ಕಿಯ ನಾಲಿಗೆಗೆ ಹತ್ತುವುದಿಲ್ಲ. ಗಿಳಿ ಹಸಿಮೆಣಸಿನಕಾಯಿಯನ್ನು ಅಷ್ಟು ನಿರಾಳವಾಗಿ ತಿನ್ನುವುದು ಅದಕ್ಕೇ. ಆ ಗಿಳಿಯನ್ನು ಪಂಜರದಲ್ಲಿಟ್ಟು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ಮೆಣಸಿನಕಾಯಿ ಎಷ್ಟೇ ಪ್ರೀತಿಯಿಂದ ಕೊಟ್ಟರೂ.

ನವಿಲಿಗೆ ಕಾಳು ಹಾಕಲೇಬೇಡಿ. ಇದು ಕೇಳಲು ಕಷ್ಟದ ಮಾತು. ಮರುದಮಲೆಯ ಮುರುಗನ ವಾಹನ, 1963ರಿಂದ ದೇಶದ ಹಕ್ಕಿ. ಆದರೆ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ನವಿಲಿನಿಂದ ಟೊಮ್ಯಾಟೊ, ಕಡಲೆಕಾಯಿ ಬೆಳೆ ಕಳೆದುಕೊಂಡ ರೈತರ ಸಂಕಟ ಸಣ್ಣದಲ್ಲ. ವಿಷವಿಟ್ಟು ಕೊಂದ ಪ್ರಕರಣಗಳೂ ಆಗಿವೆ. ನಾವು ಕಾಳು ಹಾಕಿ ಮನುಷ್ಯರ ಭಯ ಬಿಡಿಸಿದ ನವಿಲು ನಾಳೆ ಪಕ್ಕದ ಹೊಲಕ್ಕೇ ಇಳಿಯುತ್ತದೆ.

ಗುಬ್ಬಿಯ ಗೂಡು, ಬಿದ್ದ ಮರಿ

ಹೆಂಚಿನ ಸಂದು, ಜಂತೆಯ ಮೂಲೆ ಹೋಗಿ ಕಾಂಕ್ರೀಟು ಬಂದ ಮನೆಗಳಲ್ಲಿ ಗುಬ್ಬಿಗೆ ಬೇಕಿರುವುದು ಕಾಳಿಗಿಂತ ಒಂದು ಪೊಟರೆ. ಗೇಣುದ್ದದ ಮರದ ಪೆಟ್ಟಿಗೆ ಸಾಕು. ಬಾಯಿಯ ತೂತು 32 ಮಿಲಿಮೀಟರ್ ಇರಲಿ. ಅದಕ್ಕಿಂತ ದೊಡ್ಡದಾದರೆ ಗೊರವಂಕ ಒಳಹೊಕ್ಕು ಗುಬ್ಬಿಯನ್ನು ಓಡಿಸುತ್ತದೆ. ಎಂಟು-ಹತ್ತು ಅಡಿ ಎತ್ತರದಲ್ಲಿ, ಸೂರಿನ ನೆರಳಲ್ಲಿ, ಫ್ಯಾನಿನಿಂದ ದೂರ ಕಟ್ಟಿ. ಬಾಯಿ ಪೂರ್ವಕ್ಕಿರಲಿ. ಪಾಲಕ್ಕಾಡು ಕಣಿವೆಯಿಂದ ನುಗ್ಗುವ ಪಡುವಣ ಗಾಳಿಯ ಜೋರು ಇಲ್ಲಿಯವರಿಗೆ ಗೊತ್ತು, ಆಡಿ (ಆಷಾಢ) ತಿಂಗಳ ಗಾಳಿಗೆ ಅರೆಯುವ ಅಮ್ಮಿಕಲ್ಲೂ ಹಾರುತ್ತದೆ ಎಂಬ ಗಾದೆಯೇ ಇದೆ. ಮೊಟ್ಟೆ ಒಡೆಯಲು ಹನ್ನೆರಡು-ಹದಿಮೂರು ದಿನ, ಮರಿ ಹಾರಲು ಇನ್ನೆರಡು ವಾರ. ಆ ತಿಂಗಳು ಪೆಟ್ಟಿಗೆ ಮುಟ್ಟಬೇಡಿ. ನೂಲು, ಬನಿಯನ್ನಿನ ಉದ್ದದ ಎಳೆಗಳನ್ನು ಹಿತ್ತಲಿಗೆ ಎಸೆಯಬೇಡಿ. ಮಗ್ಗದ ಮನೆಯವರು, ಹೊಲಿಗೆಯವರು ಇದನ್ನು ಗಮನಿಸಬೇಕು. ಗೂಡಿಗೆ ಒಯ್ದ ನೈಲಾನ್ ಎಳೆ ಮರಿಯ ಕಾಲಿಗೆ ಸುತ್ತಿಕೊಂಡು ಕೊಯ್ಯುತ್ತದೆ.

ಪುಕ್ಕ ಬರದ ಮರಿ ಕೆಳಗೆ ಬಿದ್ದಿದ್ದರೆ ಎತ್ತಿ ಗೂಡಿಗೇ ಇಡಿ. ಮನುಷ್ಯರ ಕೈ ಸೋಕಿದರೆ ತಾಯಿ ಬಿಟ್ಟುಬಿಡುತ್ತದೆ ಎಂಬುದು ಸುಳ್ಳು. ಪುಕ್ಕ ಬಂದು ಕುಪ್ಪಳಿಸುತ್ತಿರುವ ಮರಿ ಕಂಡರೆ ಬೆಕ್ಕನ್ನು ಕಟ್ಟಿಹಾಕಿ ದೂರ ನಿಲ್ಲಿ. ಅದರ ಅಪ್ಪ-ಅಮ್ಮ ಹತ್ತಿರದಲ್ಲೇ ಇರುತ್ತವೆ.

ಹಿತ್ತಲಾಚೆ

ಹಿತ್ತಲಲ್ಲಿ ಕಣ್ಣು ಪಳಗಿದ ಮೇಲೆ ಒಂದು ಬೆಳಿಗ್ಗೆ ಸಿಂಗಾನಲ್ಲೂರು ಕೆರೆಗೆ ಹೋಗಿ. ನೊಯ್ಯಲ್ ನದಿಯ ಸಾಲಿನ ಈ ಕೆರೆಯನ್ನು ಕೊಯಮತ್ತೂರು ನಗರಪಾಲಿಕೆ 2017ರಲ್ಲಿ ನಗರ ಜೀವವೈವಿಧ್ಯ ಸಂರಕ್ಷಣಾ ವಲಯವೆಂದು ಸಾರಿತು. ಊರಿನ ಕೊಳೆನೀರು ಸೇರುತ್ತಿದ್ದರೂ ಹೆಜ್ಜಾರ್ಲೆ, ನೀರುಕಾಗೆ, ಜಂಬುಕೋಳಿಗಳು ಅದನ್ನು ಬಿಟ್ಟುಹೋಗಿಲ್ಲ. ಅಲ್ಲಿ ಏನನ್ನೂ ಎಸೆಯಬೇಡಿ, ನೋಡಿ ಬನ್ನಿ. ತಿರುಪ್ಪೂರಿನವರಿಗೆ ನಂಜರಾಯನ್ ಕೆರೆ ಹತ್ತಿರ. 2022ರಲ್ಲಿ ತಮಿಳುನಾಡಿನ 17ನೆಯ ಪಕ್ಷಿಧಾಮವಾದ ಅದು 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. 1990ರಲ್ಲಿ ಶುರುವಾದ, ಸಲೀಂ ಅಲಿ ಹೆಸರಿನ ಪಕ್ಷಿವಿಜ್ಞಾನ ಕೇಂದ್ರ ಆನೈಕಟ್ಟಿಯಲ್ಲಿರುವುದೂ ಕೊಯಮತ್ತೂರು ಜಿಲ್ಲೆಯ ಭಾಗ್ಯ.

ಹೆಜ್ಜಾರ್ಲೆ ಎಂದಾಗ ನನಗೆ ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರು ನೆನಪಾಗುತ್ತದೆ. ಅಲ್ಲಿ ಮನೆಯ ಹಿಂದಿನ ಹುಣಿಸೆಮರದಲ್ಲೇ ಅವು ಗೂಡು ಕಟ್ಟುತ್ತವೆ. ಊರವರು ಅವಕ್ಕೆ ಮೀನು ಹಾಕಿ ಕರೆದದ್ದಲ್ಲ, ಮರ ಕಡಿಯದೆ ಉಳಿಸಿದರು. ಉದುರಿದ ಹಿಕ್ಕೆ ಹೊಲಕ್ಕೆ ಗೊಬ್ಬರವಾಯಿತು. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡಲು ಊರಿನ ಯುವಕರೇ ಹೆಜ್ಜಾರ್ಲೆ ಬಳಗ ಕಟ್ಟಿಕೊಂಡರು. 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶವಾಯಿತು. ಹಿತ್ತಲಲ್ಲಿ ಹಕ್ಕಿ ಉಳಿಸುವುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಕನ್ನಡನಾಡಿನಲ್ಲಿ ನನಗೆ ಗೊತ್ತಿಲ್ಲ.

ನಿಮ್ಮ ನೋಟುಪುಸ್ತಕ ನಾಲ್ಕು ಜನರಿಗೆ ಉಪಯೋಗವಾಗಬೇಕಿದ್ದರೆ ಪೊಂಗಲ್ ಹಕ್ಕಿ ಎಣಿಕೆಗೆ ಸೇರಿ. 2015ರಿಂದ ತಮಿಳುನಾಡಿನಲ್ಲಿ ಹಬ್ಬದ ನಾಲ್ಕು ದಿನ ನಡೆಯುತ್ತದೆ. ಹದಿನೈದು ನಿಮಿಷ ಹಿತ್ತಲಲ್ಲಿ ಕೂತು, ಕಂಡ, ಕೇಳಿದ ಹಕ್ಕಿಗಳನ್ನೆಲ್ಲ ಎಣಿಸಿ ಇಬರ್ಡ್ ಎಂಬ ಜಾಲತಾಣಕ್ಕೆ ಸೇರಿಸಿದರೆ ಆಯಿತು. ಒಂದೇ ಒಂದು ಕಾಗೆ ಕಂಡರೂ ಅದು ಲೆಕ್ಕಕ್ಕೆ ಬರುತ್ತದೆ.

ಕೊನೆಗೆ ತರಗೆಲೆಯ ವಿಷಯ. ಮರದ ಬುಡದಲ್ಲಿ ಬಿದ್ದ ಎಲೆಯನ್ನು ದಿನಾ ಗುಡಿಸಿ ಸುಡಬೇಡಿ, ಒಂದು ಮೂಲೆಯಲ್ಲಾದರೂ ಬಿಡಿ. ಅಕ್ಟೋಬರ್ ಹೊತ್ತಿಗೆ ಬಡಗಣದಿಂದ ರಾತ್ರಿಯೆಲ್ಲ ಹಾರಿಬರುವ ನವರಂಗ ಇಳಿಯುವುದು ಅಂಥ ಜಾಗಕ್ಕೆ. ಹಸಿರು ಬೆನ್ನು, ಕಣ್ಣಿಗೆ ಕಪ್ಪು ಪಟ್ಟಿ, ರೆಕ್ಕೆಯಲ್ಲಿ ನೀಲಿ, ಬಾಲದ ಬುಡ ಕುಂಕುಮ ಕೆಂಪು, ಬಾಲವಂತೂ ಇದೆಯೋ ಇಲ್ಲವೋ ಎಂಬಷ್ಟು ಮೋಟು. ದಣಿದು ಒಮ್ಮೊಮ್ಮೆ ವರಾಂಡದಲ್ಲೇ ಬಿದ್ದಿರುತ್ತದೆ. ಸಿಕ್ಕರೆ ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಬಾಯಿಗೆ ನೀರು ಸುರಿಯದೆ, ಕತ್ತಲಲ್ಲಿ ಸುಮ್ಮನೆ ಬಿಡಿ. ಚೇತರಿಸಿಕೊಂಡರೆ ಸಂಜೆ ಹಿತ್ತಲಲ್ಲೇ ಹೊರಬಿಡಿ. ಇಲ್ಲಿಯವರು ಅದನ್ನು ಆರುಮಣಿಕ್ಕುರುವಿ ಎನ್ನುತ್ತಾರೆ, ಬೆಳಿಗ್ಗೆ ಸಂಜೆ ಆರರ ಸುಮಾರಿಗೆ ಕೂಗುವುದರಿಂದ. ಬೇಸಿಗೆ ಏರುವಾಗ ಅದು ಬಡಗಣಕ್ಕೆ ಮರಳುತ್ತದೆ. ಅದು ಮೊದಲ ಸಲ ಬಂದ ಸಂಜೆ ನನ್ನ ಪುಸ್ತಕದಲ್ಲಿ ಬರೆದದ್ದು ಒಂದೇ ಸಾಲು: "6.05. ಸಪೋಟದ ಬುಡ. ಎಲೆ ಮಗುಚುತ್ತಿದೆ."